ಮೊದಲು ರಂಗ ಹೊಕ್ಕವರು

ಬಯಲಾಟ ನೋಡಿ ಬೆಳೆದವರಿಗೆ ಪೂರ್ವರಂಗದ ಪರಿಚಯ ಹೇಳಬೇಕಾಗಿಲ್ಲ. ಚೆಂಡೆ-ಮದ್ದಳೆಯ ಸದ್ದು ಕೇಳಿ ಊರ ಜನ ಟಾರ್ಚು ಹಿಡಿದು ಗದ್ದೆಯ ಬದುವಿನ ಮೇಲೆ ಬರುತ್ತಿರುವಾಗಲೇ ರಂಗಸ್ಥಳದಲ್ಲಿ ಕೋಡಂಗಿಗಳ ಕುಣಿತ ಆಗಿಹೋಗಿರುತ್ತದೆ. ಬಾಲಗೋಪಾಲರೂ ಬಂದು ಹೋಗಿರುತ್ತಾರೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರ ಕಾಲು ಪಳಗುವುದು ಆ ಹೊತ್ತಿನಲ್ಲೇ. ಎದುರಿಗೆ ಕುಳಿತವರು ಬೆರಳೆಣಿಕೆಯಷ್ಟು ಮಂದಿ. ಅವರ ಗಮನವೂ ಚರುಮುರಿ ಪೊಟ್ಟಣದ ಕಡೆಗೇ ಹೆಚ್ಚು. ಆದರೂ ಹುಡುಗ ತಾಳ ತಪ್ಪದೆ ಕುಣಿಯಬೇಕು. ಅವನ ಹಿಂದೆ ಚೌಕಿಯಲ್ಲಿ ದೊಡ್ಡ ವೇಷಗಳು ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುತ್ತವೆ!

ಪಾಶ್ಚಾತ್ಯ ರಾಕ್ ಸಂಗೀತದಲ್ಲೂ ಹೀಗೊಂದು ಪೂರ್ವರಂಗ ಉಂಟು. ಅದಕ್ಕೆ ‘ಓಪನಿಂಗ್ ಆಕ್ಟ್’ ಎನ್ನುತ್ತಾರೆ. ಯಾರ ಹೆಸರಿಗೆ ಟಿಕೆಟ್ ಮಾರಾಟವಾಗಿದೆಯೋ ಆ ದೊಡ್ಡ ತಂಡ ವೇದಿಕೆಗೆ ಬರುವ ಮುನ್ನ ಸಣ್ಣದೊಂದು ತಂಡ ಅರ್ಧ, ಮುಕ್ಕಾಲು ಗಂಟೆ ಹಾಡುತ್ತದೆ. ದೊಡ್ಡ ತಂಡದ ಡ್ರಮ್ಸು, ಧ್ವನಿವರ್ಧಕಗಳು ವೇದಿಕೆಯ ಬಹುಭಾಗವನ್ನು ಆಗಲೇ ಆಕ್ರಮಿಸಿಕೊಂಡಿರುತ್ತವೆ. ಉಳಿದ ಇಷ್ಟಗಲ ಜಾಗದಲ್ಲಿ, ಅರ್ಧ ದೀಪದ ಬೆಳಕಿನಲ್ಲಿ, ಸದ್ದಿನ ಹದವನ್ನು ಸರಿಯಾಗಿ ನೋಡಿಕೊಳ್ಳಲೂ ಸಮಯವಿಲ್ಲದೆ ಈ ತಂಡ ಹಾಡಬೇಕು. ಜನ ಒಳಗೆ ಬರುವ, ಕುರ್ಚಿ ಹುಡುಕುವ, ತಂಪು ಪಾನೀಯಕ್ಕೆ ಸಾಲು ನಿಲ್ಲುವ ಹೊತ್ತು ಅದು. ಸಭೆಯನ್ನು ಬೆಚ್ಚಗೆ ಮಾಡುವುದು ಇವರ ಕೆಲಸ. ಬೆಚ್ಚಗಾದ ಸಭೆಯ ಚಪ್ಪಾಳೆ ಮಾತ್ರ ಹಿಂದೆ ಬರುವವರಿಗೆ.

ಈ ಪಾಡು ಎಂಥದೆಂದು ತಿಳಿಯಬೇಕಾದರೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮೂರು ಜಾಗಗಳನ್ನು ನೋಡಬೇಕು. 1967, 1969 ಮತ್ತು 1971ರ ಬೇಸಿಗೆಗಳಲ್ಲಿ, ಒಂದರಿಂದೊಂದು ನೂರಾರು ಕಿಲೋಮೀಟರಿನೊಳಗೇ ಇರುವ ಈ ಮೂರು ಸ್ಥಳಗಳಲ್ಲಿ, ಮೊದಲು ವೇದಿಕೆ ಏರಿದವರ ಕಥೆಗಳು ಇಂದಿಗೂ ಸಂಗೀತಪ್ರಿಯರ ಬಾಯಲ್ಲಿವೆ. ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ತಂದೆತಾಯಿಯರು ಸ್ವಾತಂತ್ರ್ಯ ದೇವಿಯ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ, ನಯಾಗರಾ ಜಲಪಾತಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುವುದು ವಾಡಿಕೆ. ಅದರ ಜೊತೆಗೆ ಎರಡು ದಿನ ಬಿಡುವು ಮಾಡಿಕೊಂಡರೆ ಈ ಮೂರನ್ನೂ ನೋಡಿ ಬರಬಹುದು.

ಟೆನಿಸ್ ಅಂಗಳದಲ್ಲಿ ಗಿಟಾರು

ಮೊದಲನೆಯದು ಫಾರೆಸ್ಟ್ ಹಿಲ್ಸ್. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿದೆ. ಮ್ಯಾನ್‌ಹಟನ್ನಿನ ಪೆನ್ ಸ್ಟೇಷನ್ನಿನಿಂದ ಲಾಂಗ್ ಐಲೆಂಡ್ ರೈಲು ಹತ್ತಿದರೆ ಸುಮಾರು ಕಾಲು ಗಂಟೆಯ ದಾರಿ. ರೈಲಿನಿಂದ ಇಳಿದ ಕೂಡಲೇ ನ್ಯೂಯಾರ್ಕಿನಲ್ಲಿ ಇದ್ದೇವೆಯೇ ಎಂದು ಅನುಮಾನ ಬರುತ್ತದೆ. ಇಟ್ಟಿಗೆ ಹಾಸಿದ ಚೌಕ, ಇಳಿಜಾರು ಮಾಡುಗಳ ಹಳೆಯ ಇಂಗ್ಲಿಷ್ ಮಾದರಿಯ ಮನೆಗಳು, ದೊಡ್ಡ ದೊಡ್ಡ ಮರಗಳು. ನಾಲ್ಕು ಹೆಜ್ಜೆ ನಡೆದರೆ ವೆಸ್ಟ್ ಸೈಡ್ ಟೆನಿಸ್ ಕ್ಲಬ್ಬು. ಅದರ ಆವರಣದಲ್ಲಿ ಕುದುರೆ ಲಾಳದ ಆಕಾರದ ಕಾಂಕ್ರೀಟ್ ಕ್ರೀಡಾಂಗಣ. ಕಟ್ಟಿದ್ದು 1923ರಲ್ಲಿ.

ಹಳೆಯ ತಲೆಮಾರಿನ ಓದುಗರಿಗೆ ಫಾರೆಸ್ಟ್ ಹಿಲ್ಸ್ ಎಂದರೆ ಟೆನಿಸ್. 1977ರವರೆಗೆ ಅಮೆರಿಕನ್ ಓಪನ್ ಟೂರ್ನಿ ನಡೆಯುತ್ತಿದ್ದುದು ಇಲ್ಲೇ. ನಮ್ಮ ವಿಜಯ್ ಅಮೃತರಾಜ್ 1973ರಲ್ಲಿ ಮಹಾನ್ ಆಟಗಾರ ರಾಡ್ ಲೇವರ್ ಅವರನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದ್ದೂ ಇದೇ ಅಂಗಳದಲ್ಲಿ. ಬೇಸಿಗೆಯ ಸಂಜೆಗಳಲ್ಲಿ ಇಲ್ಲಿ ಸಂಗೀತವೂ ನಡೆಯುತ್ತಿತ್ತು. 1964ರಲ್ಲಿ ಬೀಟಲ್ಸ್ ಹಾಡಿದರು. 1965ರಲ್ಲಿ ಬಾಬ್ ಡಿಲನ್ ವಿದ್ಯುತ್ ವಾದ್ಯಗಳೊಂದಿಗೆ ಬಂದು ಸ್ವಂತ ಅಭಿಮಾನಿಗಳಿಂದಲೇ ಕೂಗು ಹಾಕಿಸಿಕೊಂಡರು.

1967ರ ಜುಲೈ 14ರಿಂದ 16ರವರೆಗೆ ಇಲ್ಲಿ ಮೂರು ದಿನ ‘ಮಂಕೀಸ್’ ತಂಡದ ಕಾರ್ಯಕ್ರಮವಿತ್ತು. ಮಂಕೀಸ್ ಎಂದರೆ ಟೆಲಿವಿಷನ್ ಧಾರಾವಾಹಿಯೊಂದಕ್ಕಾಗಿ ಒಟ್ಟುಗೂಡಿಸಿದ ನಾಲ್ವರು ಹುಡುಗರ ತಂಡ. 1966ರ ಸೆಪ್ಟೆಂಬರಿನಲ್ಲಿ ಶುರುವಾದ ಆ ಧಾರಾವಾಹಿ ಶಾಲೆಗೆ ಹೋಗುವ ಹೆಣ್ಣುಮಕ್ಕಳನ್ನು ಹುಚ್ಚು ಹಿಡಿಸಿತ್ತು. ಅದರಲ್ಲೂ ಡೇವಿ ಜೋನ್ಸ್ ಎಂಬ ಚೆಲುವನೆಂದರೆ ಅವರಿಗೆ ಪ್ರಾಣ. ಕ್ರೀಡಾಂಗಣದ ತುಂಬ ಅಂಥ ಹುಡುಗಿಯರು. ಅವರನ್ನು ಕಾಯಲು ಜೊತೆಗೆ ಬಂದ ಅಪ್ಪ-ಅಮ್ಮಂದಿರು.

ಇಂಥ ಸಭೆಯ ಮುಂದೆ ಪೂರ್ವರಂಗಕ್ಕೆ ನಿಂತವರು ಯಾರು ಗೊತ್ತೇ? ಜಿಮಿ ಹೆಂಡ್ರಿಕ್ಸ್!

ಆಗ ಅವರಿಗೆ 24 ವರ್ಷ. ಸಿಯಾಟಲ್‌ನಲ್ಲಿ ಹುಟ್ಟಿದ ಈ ಕಪ್ಪು ತರುಣ ಲಿಟ್ಲ್ ರಿಚರ್ಡ್‌ನಂಥ ಗಾಯಕರ ಹಿಂದೆ ನಿಂತು ವರ್ಷಗಟ್ಟಲೆ ಗಿಟಾರು ನುಡಿಸಿದ್ದರು. ಸ್ವದೇಶದಲ್ಲಿ ಯಾರೂ ಗುರುತಿಸದೆ ಇದ್ದಾಗ 1966ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿ ಹೆಸರು ಮಾಡಿದರು. 1967ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ಗಿಟಾರಿಗೆ ಬೆಂಕಿ ಹಚ್ಚಿ ನೋಡಿದವರನ್ನು ದಂಗುಬಡಿಸಿದರು. ಅಲ್ಲಿ ಅವರನ್ನು ಕಂಡು ಬೆರಗಾದ ಮಂಕೀಸ್ ತಂಡದವರೇ ತಮ್ಮ ಪ್ರವಾಸಕ್ಕೆ ಜೊತೆಯಾಗಿ ಬರುವಂತೆ ಕರೆಸಿಕೊಂಡರು. ದಿನವೂ ಹತ್ತಿರದಿಂದ ಅವರ ವಾದನ ಕೇಳಬಹುದೆಂಬ ಆಸೆ ಅವರದು. ಕಲಾವಿದರಿಗೆ ಕಲಾವಿದರು ಒಪ್ಪಿಗೆಯಾದರು. ಸಭೆಯನ್ನು ಕೇಳಿದವರು ಯಾರು?

ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಜುಲೈ 8ರಂದು ಶುರುವಾದ ಈ ಜೊತೆ ಫಾರೆಸ್ಟ್ ಹಿಲ್ಸ್ ತಲುಪುವ ಹೊತ್ತಿಗೆ ಬಿಗಡಾಯಿಸಿತ್ತು. ಹೆಂಡ್ರಿಕ್ಸ್ ಅವರ ಮೊದಲ ಆಲ್ಬಂ ಇಂಗ್ಲೆಂಡಿನಲ್ಲಿ ಮೇ ತಿಂಗಳಲ್ಲೇ ಬಂದಿದ್ದರೂ ಅಮೆರಿಕದ ಅಂಗಡಿಗಳಿಗೆ ಬಂದದ್ದು ಆಗಸ್ಟಿನಲ್ಲಿ. ಆದ್ದರಿಂದ ಎದುರಿಗಿದ್ದ ಮಕ್ಕಳಿಗೆ ಈತ ಯಾರು, ಈ ಹಾಡು ಯಾವುದು ಎಂಬುದೇ ತಿಳಿಯದು. ಕಿವಿಗಡಚಿಕ್ಕುವ ಗಿಟಾರಿನ ನಡುವೆ ಅವರು ‘ಡೇವಿ ಬೇಕು, ಡೇವಿ ಬೇಕು’ ಎಂದು ಚೀರುತ್ತಿದ್ದರು. ಹಲ್ಲಿನಿಂದ ತಂತಿ ಮೀಟುವ, ಗಿಟಾರನ್ನು ಬೆನ್ನ ಹಿಂದೆ ಹಿಡಿದು ನುಡಿಸುವ ಈ ಮನುಷ್ಯನನ್ನು ನೋಡಿ ತಂದೆತಾಯಿಯರ ಹುಬ್ಬು ಗಂಟಿಕ್ಕಿತು. 16ನೆಯ ತಾರೀಕಿನ ಕಾರ್ಯಕ್ರಮ ಮುಗಿಯುತ್ತಲೇ ಹೆಂಡ್ರಿಕ್ಸ್ ಪ್ರವಾಸದಿಂದ ಹೊರಬಂದರು. ಜಗಳವೇನೂ ಆಗಲಿಲ್ಲ, ಎರಡೂ ಕಡೆಯವರು ಒಪ್ಪಿಯೇ ಬೇರ್ಪಟ್ಟರು. ಸಂಪ್ರದಾಯಸ್ಥ ಮಹಿಳಾ ಸಂಘವೊಂದು ದೂರು ಕೊಟ್ಟು ಅವರನ್ನು ಹೊರಹಾಕಿಸಿತೆಂದು ಪತ್ರಿಕೆಗಳಲ್ಲಿ ಬಂದ ಸುದ್ದಿ ಶುದ್ಧ ಕಟ್ಟುಕಥೆ. ಲಿಲಿಯನ್ ರಾಕ್ಸನ್ ಎಂಬ ಪತ್ರಕರ್ತೆ ತಮಾಷೆಗೆಂದು ಹೆಣೆದದ್ದನ್ನು ಜನ ನಿಜವೆಂದೇ ನಂಬಿದರು, ಬಹುಕಾಲ ನಂಬಿಯೇ ಇದ್ದರು.

ಅಮೆರಿಕನ್ ಓಪನ್ ಬೇರೆಡೆಗೆ ಹೋದ ಮೇಲೆ ಈ ಅಂಗಣ ಪಾಳು ಬೀಳುವ ಸ್ಥಿತಿ ತಲುಪಿತ್ತು. ದುರಸ್ತಿಯಾಗಿ 2013ರಿಂದ ಮತ್ತೆ ಸಂಗೀತ ಕಾರ್ಯಕ್ರಮಗಳಿಗೆ ತೆರೆದುಕೊಂಡಿದೆ. ಖಾಸಗಿ ಕ್ಲಬ್ಬಿನ ಜಾಗವಾದ್ದರಿಂದ ಕಾರ್ಯಕ್ರಮವಿರುವ ದಿನ ನೋಡಿಕೊಂಡು ಹೋಗುವುದು ಒಳ್ಳೆಯದು. ಹೋದವರು ದಯವಿಟ್ಟು ಮೊದಲ ತಂಡ ಹಾಡುವ ಹೊತ್ತಿಗೇ ಹೋಗಿ!

ಹಾಲು ಮಾರುವವರ ಹೊಲ

ಎರಡನೆಯ ಜಾಗ ಬೆಥೆಲ್. ನ್ಯೂಯಾರ್ಕ್ ನಗರದಿಂದ ವಾಯವ್ಯಕ್ಕೆ ಸುಮಾರು 160 ಕಿ.ಮೀ. ಕಾರಿನಲ್ಲಿ ಎರಡರಿಂದ ಎರಡೂವರೆ ಗಂಟೆ. ನಗರದ ಗೌಜು ಹಿಂದೆ ಸರಿದಂತೆ ಗುಡ್ಡಗಳು, ಕೆರೆಗಳು, ಹುಲ್ಲುಗಾವಲುಗಳು ಬರುತ್ತವೆ. ಚಿಕ್ಕಮಗಳೂರಿನ ಕಡೆಯವರಿಗೆ ಊರು ನೆನಪಾದರೆ ಆಶ್ಚರ್ಯವಿಲ್ಲ; ಕಾಫಿ ಗಿಡ ಮಾತ್ರ ಕಾಣುವುದಿಲ್ಲ.

ಲೋಕವೆಲ್ಲ ‘ವುಡ್‌ಸ್ಟಾಕ್’ ಎಂದು ಕರೆಯುವ ಸಂಗೀತೋತ್ಸವ ನಡೆದದ್ದು ಇಲ್ಲಿ. ವುಡ್‌ಸ್ಟಾಕ್ ಎಂಬ ಊರು ಬೇರೆಯೇ ಇದೆ, ಇಲ್ಲಿಂದ ಬಲು ದೂರ. ಹೆಸರು ಅಲ್ಲಿಯದು, ಹೊಲ ಇಲ್ಲಿಯದು. ಉತ್ಸವಕ್ಕೆ ಮೊದಲು ಗೊತ್ತು ಮಾಡಿದ್ದ ಜಾಗ ವಾಲ್‌ಕಿಲ್ ಎಂಬ ಮತ್ತೊಂದು ಊರು. ಉದ್ದ ಕೂದಲಿನ ಹುಡುಗರ ದಂಡು ತಮ್ಮೂರಿಗೆ ಬರುವುದು ಬೇಡವೆಂದು ಅಲ್ಲಿಯವರು ಜುಲೈ ತಿಂಗಳಲ್ಲಿ ಕಾನೂನು ಮಾಡಿ ತಡೆದುಬಿಟ್ಟರು. ಉಳಿದದ್ದು ಒಂದೇ ತಿಂಗಳು. ಆಗ ಕೈಹಿಡಿದವರು ಬೆಥೆಲಿನ ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರ. ಸುತ್ತಿನ ಸಲಿವನ್ ಜಿಲ್ಲೆಯಲ್ಲೇ ಹಾಲಿನ ದೊಡ್ಡ ಉತ್ಪಾದಕರು ಅವರು. ತಮ್ಮ ಹುಲ್ಲುಗಾವಲನ್ನು ಬಾಡಿಗೆಗೆ ಕೊಟ್ಟರು. ಅವರ ಹಾಲು ಕೊಳ್ಳಬೇಡಿರೆಂದು ಊರಿನವರು ಫಲಕ ಬರೆದು ನಿಲ್ಲಿಸಿದರೂ ಯಾಸ್ಗರ್ ಕೊಟ್ಟ ಮಾತಿಗೆ ತಪ್ಪಲಿಲ್ಲ.

ಬರುವವರು 50,000 ಮೀರುವುದಿಲ್ಲವೆಂದು ಸಂಘಟಕರು ಊರಿನವರಿಗೆ ಹೇಳಿದ್ದರು. ಮುಂಗಡವಾಗಿಯೇ ಸುಮಾರು 1,86,000 ಟಿಕೆಟ್‌ಗಳು ಖರ್ಚಾದವು. ಬಂದವರು 4 ಲಕ್ಷಕ್ಕೂ ಮಿಕ್ಕಿ. ಬೇಲಿ ಕಟ್ಟಿ ಮುಗಿಯುವ ಮೊದಲೇ ಜನ ಒಳಗೆ ಬಂದು ಕುಳಿತಿದ್ದರಿಂದ ಉತ್ಸವ ಉಚಿತವೆಂದು ಸಾರಬೇಕಾಯಿತು. ದಾರಿಯಲ್ಲಿ ಕಾರುಗಳು ಮೈಲುಗಟ್ಟಲೆ ನಿಂತವು. ಜನ ಕಾರನ್ನು ಅಲ್ಲಲ್ಲೇ ಬಿಟ್ಟು ನಡೆದು ಬಂದರು.

1969ರ ಆಗಸ್ಟ್ 15, ಶುಕ್ರವಾರ. ಸಂಗೀತ ಶುರುವಾಗಬೇಕಾದ್ದು ಸಂಜೆ ನಾಲ್ಕಕ್ಕೆ. ಮೊದಲು ಹಾಡಬೇಕಿದ್ದ ‘ಸ್ವೀಟ್‌ವಾಟರ್’ ತಂಡ ದಾರಿಯ ಕಾರುಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ವಾದ್ಯಗಳೂ ಬಂದಿರಲಿಲ್ಲ. ಗುಡ್ಡದ ತುಂಬ ಜನ. ಹೊತ್ತು ಮೀರುತ್ತಿದೆ. ಸಹನೆ ತಪ್ಪಿದರೆ ಗತಿಯೇನು? ಸಂಘಟಕರ ಕಣ್ಣು ರಿಚೀ ಹೇವನ್ಸ್ ಮೇಲೆ ಬಿತ್ತು. ಅವರ ಸರದಿ ಐದನೆಯದು. ಆದರೆ ಹೆಲಿಕಾಪ್ಟರಿನಲ್ಲಿ ಬಂದು ತಲುಪಿದ್ದರು. ಅವರಿಗೆ ಬೇಕಾದದ್ದೂ ಕಡಿಮೆ. ಒಂದು ಗಿಟಾರು, ಜೊತೆಗೆ ಇನ್ನೊಬ್ಬ ಗಿಟಾರು ವಾದಕ, ಒಬ್ಬ ತಾಳವಾದ್ಯಗಾರ. ಬಾಸ್ ಗಿಟಾರಿನವನು ಇನ್ನೂ ದಾರಿಯಲ್ಲಿ ನಡೆಯುತ್ತಿದ್ದ.

ಹೇವನ್ಸ್ ಹಿಂಜರಿದರು. ತಡವಾದ ಸಿಟ್ಟನ್ನೆಲ್ಲ ಜನ ಮೊದಲು ಬಂದವನ ಮೇಲೆ ತೀರಿಸಿಕೊಂಡರೆ ಎಂಬ ಭಯ ಅವರಿಗೆ. ಕೊನೆಗೆ ಸಂಜೆ 5 ಗಂಟೆ 7 ನಿಮಿಷಕ್ಕೆ ಎದ್ದು ಹೋದರು. ಬ್ರೂಕ್ಲಿನ್ನಿನ ಬಡ ಕೇರಿಯಲ್ಲಿ ಹುಟ್ಟಿದ, ಒಂಬತ್ತು ಮಕ್ಕಳ ಮನೆಯ ಹಿರಿಯ ಮಗ. ವಯಸ್ಸು 28. ಗಿಟಾರಿನ ಎಲ್ಲ ತಂತಿಗಳನ್ನೂ ತೆರೆದ ಶ್ರುತಿಗೆ ಕೂಡಿಸಿ, ಹೆಬ್ಬೆರಳನ್ನು ಮೇಲಿನಿಂದ ಅಡ್ಡ ಒತ್ತಿ, ಬಲಗೈಯಿಂದ ಮಳೆ ಬಿದ್ದಂತೆ ಬಾರಿಸುವುದು ಅವರ ರೀತಿ. ತಾವು ಹಾಡಬೇಕೆಂದುಕೊಂಡಿದ್ದನ್ನು ಹಾಡಿ ಇಳಿದರೆ ಸಂಘಟಕರು ‘ಇನ್ನೂ ಯಾರೂ ಬಂದಿಲ್ಲ, ಇನ್ನಷ್ಟು ಹಾಡಿ’ ಎಂದು ಮತ್ತೆ ಕಳಿಸುತ್ತಿದ್ದರು. ಮತ್ತೆ ಇಳಿದರು, ಮತ್ತೆ ಏರಿದರು. ಕೊನೆಗೆ ಬುಟ್ಟಿ ಬರಿದಾಯಿತು. ಹಾಡಲು ಏನೂ ಉಳಿದಿರಲಿಲ್ಲ.

ಆಗ ಅವರು ಸುಮ್ಮನೆ ಗಿಟಾರು ಬಾರಿಸುತ್ತ ನಿಂತು, ‘ಸ್ವಾತಂತ್ರ್ಯ’ ಎಂಬ ಅರ್ಥದ ಒಂದೇ ಇಂಗ್ಲಿಷ್ ಪದವನ್ನು ಮತ್ತೆ ಮತ್ತೆ ಹಾಡತೊಡಗಿದರು. ಅದಕ್ಕೆ ಗುಲಾಮಗಿರಿಯ ಕಾಲದಿಂದ ಕಪ್ಪು ಜನರು ಹಾಡಿಕೊಂಡು ಬಂದಿದ್ದ, ತಾಯಿಯಿಲ್ಲದ ಮಗುವಿನ ಅಳಲಿನ ಹಳೆಯ ಹಾಡೊಂದು ಬಂದು ಸೇರಿಕೊಂಡಿತು. ವೇದಿಕೆಯ ಮೇಲೇ, ಲಕ್ಷಾಂತರ ಜನರ ಕಣ್ಣೆದುರಿಗೇ ಹುಟ್ಟಿದ ಹಾಡು ಅದು. 1970ರಲ್ಲಿ ಬಂದ ‘ವುಡ್‌ಸ್ಟಾಕ್’ ಸಾಕ್ಷ್ಯಚಿತ್ರದಲ್ಲಿ ಈ ದೃಶ್ಯವನ್ನು ಇಂದಿಗೂ ನೋಡಬಹುದು. ಬೆನ್ನು ಬೆವರಿನಿಂದ ತೊಯ್ದಿದೆ, ಕಣ್ಣು ಮುಚ್ಚಿದೆ, ಕೈ ನಿಲ್ಲುತ್ತಿಲ್ಲ. ನಮ್ಮ ಪಂಚಾಂಗದಲ್ಲಿ ಆಗಸ್ಟ್ 15 ಎಂದರೆ ಏನೆಂಬುದು ಅವರ ಮನಸ್ಸಿನಲ್ಲಿ ಇದ್ದಿರಲಾರದು. ಆದರೂ ಭಾರತೀಯರಿಗೆ ಈ ಕಾಕತಾಳೀಯ ಹಿತವೆನಿಸದೆ ಇರದು.

ಮೂರು ಗಂಟೆಯ ಹತ್ತಿರ ಹಾಡಿದೆನೆಂದು ಹೇವನ್ಸ್ ಮುಂದೆ ಹೇಳುತ್ತಿದ್ದರು. ಧ್ವನಿಮುದ್ರಣಗಳನ್ನು ಅಳೆದು ನೋಡಿದವರ ಲೆಕ್ಕ ಒಂದು ಗಂಟೆಯನ್ನೂ ದಾಟುವುದಿಲ್ಲ. ಮುಂದೆ ಏನು ಹಾಡುವುದೆಂದು ತಿಳಿಯದೆ ನಿಂತವನಿಗೆ ನಿಮಿಷಗಳು ಎಷ್ಟು ಉದ್ದವಾಗಿರುತ್ತವೆ ಎಂಬುದು ಪರೀಕ್ಷೆಯ ಕೊಠಡಿಯಲ್ಲಿ ಕುಳಿತ ಯಾವ ವಿದ್ಯಾರ್ಥಿಗಾದರೂ ಗೊತ್ತು!

ಹೇವನ್ಸ್ ಇಳಿದ ಮೇಲೆ ಶಾಂತಿಯ ಮಾತಾಡಿದವರು ಕೊಯಮತ್ತೂರಿನ ಸಮೀಪದ ಹಳ್ಳಿಯಲ್ಲಿ ಹುಟ್ಟಿದ ಸ್ವಾಮಿ ಸಚ್ಚಿದಾನಂದರು. ಅಂದೇ ರಾತ್ರಿ ಪಂಡಿತ ರವಿಶಂಕರ್ ಸಿತಾರ್ ಹಿಡಿದು ಕುಳಿತಾಗ ಮಳೆ ಬಂತು. ತಬಲಾದಲ್ಲಿ ಅಲ್ಲಾರಖಾ. ಕೆಸರು, ಮಳೆ, ಮತ್ತಿನ ನಡುವೆ ಯಾರು ಕೇಳುತ್ತಿದ್ದಾರೆ, ಯಾರು ಇಲ್ಲ ಎಂಬುದೇ ತಿಳಿಯದ ಆ ರಾತ್ರಿ ರವಿಶಂಕರರಿಗೆ ಕೊನೆಯವರೆಗೂ ಕಹಿಯಾಗಿಯೇ ಉಳಿಯಿತು. ಕೆಸರಿನಲ್ಲಿ ಮಲಗಿದ ಎಮ್ಮೆಗಳ ನೆನಪು ಬಂತೆಂದು ಅವರು ಬರೆದುಕೊಂಡಿದ್ದಾರೆ.

ಇನ್ನು ಉತ್ಸವದ ಕೊನೆಯ ಕಲಾವಿದರು ಯಾರು? ಸೋಮವಾರ ಬೆಳಿಗ್ಗೆ, ಬಹುಪಾಲು ಜನ ಮನೆಯ ದಾರಿ ಹಿಡಿದ ಮೇಲೆ ವೇದಿಕೆಗೆ ಬಂದ ಹಿರಿಯ ಆಕರ್ಷಣೆ ಜಿಮಿ ಹೆಂಡ್ರಿಕ್ಸ್. ಎರಡು ವರ್ಷದ ಹಿಂದೆ ಟೆನಿಸ್ ಅಂಗಳದಲ್ಲಿ ‘ನೀನು ಬೇಡ’ ಎನ್ನಿಸಿಕೊಂಡವರೇ ಇಲ್ಲಿ ಮಂಗಳ ಹಾಡಿದರು.

ಈಗ ಆ ಹೊಲದ ನೆತ್ತಿಯಲ್ಲಿ ಬೆಥೆಲ್ ವುಡ್ಸ್ ಎಂಬ ಕಲಾಕೇಂದ್ರವಿದೆ. ವಸ್ತುಸಂಗ್ರಹಾಲಯ 2008ರಲ್ಲಿ ತೆರೆಯಿತು. 2017ರಲ್ಲಿ ಜಾಗಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಹೊಲವನ್ನು ಮಾತ್ರ ಹೊಲವಾಗಿಯೇ ಬಿಟ್ಟಿದ್ದಾರೆ. ಮೂಲೆಯಲ್ಲಿ 1984ರಲ್ಲಿ ನಿಲ್ಲಿಸಿದ ಸ್ಮಾರಕ. ಬಟ್ಟಲಿನಂತೆ ಇಳಿಯುವ ಹಸಿರು ಗುಡ್ಡದ ಬುಡದಲ್ಲಿ ವೇದಿಕೆ ಇದ್ದ ಜಾಗ. ಕೆಳಗೆ ನಿಂತು ಮೇಲೆ ನೋಡಿದರೆ ಹೇವನ್ಸ್ ಅವರ ಹಿಂಜರಿಕೆ ಅರ್ಥವಾಗುತ್ತದೆ. ಕಣ್ಣು ಹಾಯುವಷ್ಟೂ ಇಳಿಜಾರು ನಮ್ಮ ಮೇಲೆಯೇ ಬಾಗಿದಂತೆ ಕಾಣುತ್ತದೆ. 2013ರ ಏಪ್ರಿಲ್ 22ರಂದು ಹೇವನ್ಸ್ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಅದೇ ವರ್ಷದ ಆಗಸ್ಟಿನಲ್ಲಿ ವಿಮಾನದಿಂದ ಇದೇ ಹೊಲದ ಮೇಲೆ ಚೆಲ್ಲಿದರು.

ರೈಲು ನಿಲ್ದಾಣದ ಮೇಲಿನ ‘ತೋಟ’

ಮೂರನೆಯದು ನಗರದ ನಡುಮಧ್ಯದಲ್ಲೇ ಇದೆ. ಹೆಸರು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹುಡುಕಿದರೂ ಒಂದು ಗಿಡ ಸಿಗದ ತೋಟ! ಇದೇ ಹೆಸರಿನ ನಾಲ್ಕನೆಯ ಕಟ್ಟಡ ಇದು. ಮೊದಲನೆಯದು ಮ್ಯಾಡಿಸನ್ ಚೌಕದ ಪಕ್ಕದಲ್ಲಿತ್ತು; ಕಟ್ಟಡ ಜಾಗ ಬದಲಿಸಿದರೂ ಹೆಸರು ಜೊತೆಯಲ್ಲೇ ಬಂತು. ಪೆನ್ಸಿಲ್ವೇನಿಯಾ ಸ್ಟೇಷನ್ನಿನ ಭವ್ಯವಾದ ಹಳೆಯ ಕಟ್ಟಡವನ್ನು ಕೆಡವಿ, ಅದರ ನೆತ್ತಿಯ ಮೇಲೆ ಈ ದುಂಡನೆಯ ಸಭಾಂಗಣವನ್ನು ಕಟ್ಟಿ 1968ರಲ್ಲಿ ತೆರೆದರು. ನ್ಯೂಜರ್ಸಿಯ ಎಡಿಸನ್ ಕಡೆಯಲ್ಲಿ ಮನೆ ಮಾಡಿರುವ ನಮ್ಮವರು ನಗರದ ಕೆಲಸಕ್ಕೆ ರೈಲಿನಲ್ಲಿ ಬಂದಿಳಿಯುವುದು ಇದರ ನೆಲಮಾಳಿಗೆಯಲ್ಲೇ.

ಆಗ ಪೂರ್ವ ಬಂಗಾಳದ ಮೇಲೆ ಒಂದರ ಮೇಲೊಂದು ಆಪತ್ತು. 1970ರ ನವೆಂಬರಿನ ಚಂಡಮಾರುತದಲ್ಲಿ ಸತ್ತವರೇ ಲಕ್ಷಗಟ್ಟಲೆ. 1971ರ ಮಾರ್ಚಿನಲ್ಲಿ ಪಾಕಿಸ್ತಾನಿ ಸೇನೆಯ ದಮನ ಶುರುವಾಯಿತು. ಉಟ್ಟ ಬಟ್ಟೆಯಲ್ಲೇ ಗಡಿ ದಾಟಿ ಭಾರತಕ್ಕೆ ಬಂದ ನಿರಾಶ್ರಿತರ ಸಂಖ್ಯೆ ವರ್ಷಾಂತ್ಯದ ಹೊತ್ತಿಗೆ ಸುಮಾರು ಒಂದು ಕೋಟಿಯಾಯಿತು. ರವಿಶಂಕರರ ಮನೆತನದ ಬೇರು ಪೂರ್ವ ಬಂಗಾಳದಲ್ಲಿತ್ತು. ಅವರು ತಮ್ಮ ಶಿಷ್ಯ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಬಳಿ ಸಂಕಟ ಹೇಳಿಕೊಂಡರು. ಹ್ಯಾರಿಸನ್ ಕೆಲವೇ ವಾರಗಳಲ್ಲಿ ಗೆಳೆಯರನ್ನು ಸೇರಿಸಿದರು: ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೋ ಸ್ಟಾರ್, ಬಿಲ್ಲಿ ಪ್ರೆಸ್ಟನ್, ಲಿಯಾನ್ ರಸೆಲ್. 1971ರ ಆಗಸ್ಟ್ 1, ಭಾನುವಾರ, ಮಧ್ಯಾಹ್ನ ಒಂದು, ರಾತ್ರಿ ಒಂದು, ಹೀಗೆ ಎರಡು ಪ್ರದರ್ಶನ. ಎರಡಕ್ಕೂ ಸೇರಿ ಸುಮಾರು 40,000 ಜನ.

ಹೆಸರು ಕೇಳಿಯೇ ಜನ ಮುಗಿಬಿದ್ದಿದ್ದು ಬೀಟಲ್ಸ್‌ಗಾಗಿ, ಡಿಲನ್‌ಗಾಗಿ. ಆದರೆ ಮೊದಲು ವೇದಿಕೆಗೆ ಬಂದವರು ನಾಲ್ವರು ಭಾರತೀಯರು. ಸಿತಾರ್‌ನಲ್ಲಿ ರವಿಶಂಕರ್, ಸರೋದ್‌ನಲ್ಲಿ ಅಲಿ ಅಕ್ಬರ್ ಖಾನ್, ತಬಲಾದಲ್ಲಿ ಅಲ್ಲಾರಖಾ, ತಂಬೂರಿಯಲ್ಲಿ ಕಮಲಾ ಚಕ್ರವರ್ತಿ. ಅಲಿ ಅಕ್ಬರ್ ಹುಟ್ಟಿದ್ದೇ ಪೂರ್ವ ಬಂಗಾಳದಲ್ಲಿ. ಅವರ ತಂದೆ, ಮೈಹರಿನ ಉಸ್ತಾದ್ ಅಲ್ಲಾವುದ್ದೀನ್ ಖಾನ್, ರವಿಶಂಕರರಿಗೂ ಗುರು. ಅಂದರೆ ಒಬ್ಬ ಗುರುವಿನ ಮನೆಯಲ್ಲಿ ಕಲಿತ ಇಬ್ಬರು ತಮ್ಮ ನೆಲದ ಕಷ್ಟ ಹೇಳಲು ಪರದೇಶದ ಸಭೆಯ ಮುಂದೆ ಕುಳಿತಿದ್ದರು.

ಹ್ಯಾರಿಸನ್ ಮೊದಲೇ ಬಂದು, ಈ ಸಂಗೀತ ತಮ್ಮದಕ್ಕಿಂತ ಗಂಭೀರವಾದದ್ದು, ಸಮಾಧಾನದಿಂದ ಕೇಳಿ ಎಂದು ಕೇಳಿಕೊಂಡರು. ರವಿಶಂಕರರು ನುಡಿಸುವಾಗ ಸಿಗರೇಟು ಸೇದಬೇಡಿರೆಂದು ವಿನಂತಿಸಿದರು. ಅನಂತರ ಶ್ರುತಿ ಕೂಡಿಸಲು ಶುರು. ಸಿತಾರಿನ ಮುಖ್ಯ ತಂತಿಗಳ ಕೆಳಗೆ ಅನುರಣನದ ತಂತಿಗಳ ಸಾಲೇ ಇರುತ್ತದೆ. ಅಲಿ ಅಕ್ಬರರ ಸರೋದಿನಲ್ಲಿ ಒಟ್ಟು 25 ತಂತಿ. ದೀಪಗಳ ಕಾವಿಗೆ ತಂತಿ ಸಡಿಲುತ್ತದೆ, ಮತ್ತೆ ಬಿಗಿಯಬೇಕು. ಒಂದೂವರೆ ನಿಮಿಷದಷ್ಟು ಹೊತ್ತು ಹೀಗೆ ಟಿಣ್ ಟಿಣ್ ಎಂದು ತಂತಿ ನೋಡಿ ಮುಗಿಸುತ್ತಲೇ ಸಭೆ ಭೋರೆಂದು ಚಪ್ಪಾಳೆ ತಟ್ಟಿತು! ಶ್ರುತಿ ಕೂಡಿಸಿದ್ದನ್ನೇ ಜನ ಕೃತಿಯೆಂದು ತಿಳಿದಿದ್ದರು.

ನಮ್ಮಲ್ಲಿ ಶ್ರುತಿ ಮಾಡಿಕೊಳ್ಳುವ ಹೊತ್ತಿಗೆ ಕಾಫಿ ಕುಡಿದು ಬರುವವರಿದ್ದಾರೆ. ಅಲ್ಲಿ ಅದಕ್ಕೇ ಕರತಾಡನ. ಇನ್ನೊಬ್ಬರಾಗಿದ್ದರೆ ಮುಜುಗರದಿಂದ ತಲೆ ತಗ್ಗಿಸುತ್ತಿದ್ದರೇನೋ, ಅಥವಾ ಸಭೆಯ ಅಜ್ಞಾನಕ್ಕೆ ಸಿಡುಕುತ್ತಿದ್ದರೇನೋ. ರವಿಶಂಕರರು ನಗುತ್ತ ಧನ್ಯವಾದ ಹೇಳಿದರು; ಶ್ರುತಿಯೇ ಇಷ್ಟು ಮೆಚ್ಚಿಗೆಯಾದ ಮೇಲೆ ವಾದನ ಇನ್ನೂ ಮೆಚ್ಚಿಗೆಯಾದೀತೆಂದು ಆಶಿಸುವುದಾಗಿ ಹೇಳಿದರು. ಸಭೆ ನಕ್ಕಿತು. ಆ ನಗುವಿನ ನಂತರ ಅವರು ನುಡಿಸಿದ್ದು ಬಂಗಾಳದ ಜನಪದ ಧಾಟಿಯನ್ನು ಆಧರಿಸಿದ ‘ಬಾಂಗ್ಲಾ ಧುನ್’. ಧ್ವನಿಮುದ್ರಿಕೆಯಲ್ಲಿ ಅದು 16 ನಿಮಿಷಕ್ಕೂ ಹೆಚ್ಚಿದೆ. ಸಿತಾರ್ ಕೇಳಿದ್ದಕ್ಕೆ ಸರೋದ್ ಉತ್ತರಿಸುತ್ತದೆ, ಸರೋದ್ ಎಸೆದದ್ದನ್ನು ಸಿತಾರ್ ಹಿಡಿಯುತ್ತದೆ. ಬೆಥೆಲಿನ ಕೆಸರಿನಲ್ಲಿ ಸಿಗದ ಕಿವಿಗಳು ಇಲ್ಲಿ ಸಿಕ್ಕಿದವು.

ಟಿಕೆಟ್ ಹಣದಿಂದ ಬಂದ 2,43,418 ಡಾಲರ್ 50 ಸೆಂಟುಗಳನ್ನು ಕೆಲವೇ ದಿನಗಳಲ್ಲಿ ಯುನಿಸೆಫ್ ಸಂಸ್ಥೆಗೆ ಕಳಿಸಿದರು. ಈ ಕಾರ್ಯಕ್ರಮದ ಆಲ್ಬಂ 1973ರಲ್ಲಿ ವರ್ಷದ ಶ್ರೇಷ್ಠ ಆಲ್ಬಮ್ಮಿಗಾಗಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಆದರೆ ಇದನ್ನು ಧರ್ಮಾರ್ಥ ಕಾರ್ಯಕ್ರಮವೆಂದು ಮುಂಚಿತವಾಗಿ ಕಾಗದಪತ್ರ ಮಾಡಿಕೊಂಡಿರಲಿಲ್ಲ. ಆ ಕಾರಣದಿಂದ ತೆರಿಗೆಯ ತಕರಾರು ಎದ್ದು, ಆಲ್ಬಂ ಮತ್ತು ಚಲನಚಿತ್ರದ ಹಣ ಸಂತ್ರಸ್ತರನ್ನು ತಲುಪುವುದು ವರ್ಷಗಟ್ಟಲೆ ತಡವಾಯಿತು. ಒಳ್ಳೆಯ ಕೆಲಸಕ್ಕೂ ಲೆಕ್ಕಪತ್ರದ ಶ್ರುತಿ ಮೊದಲೇ ಕೂಡಿರಬೇಕು ಎಂಬುದು ಕಾಲೇಜುಗಳಲ್ಲಿ ಸಹಾಯಾರ್ಥ ಪ್ರದರ್ಶನ ಏರ್ಪಡಿಸುವ ವಿದ್ಯಾರ್ಥಿಗಳು ನೆನಪಿಡಬೇಕಾದ ಮಾತು.

ನಮ್ಮ ಅರಮನೆ ಮೈದಾನ

ಇಂಥ ಪೂರ್ವರಂಗ ನೋಡಲು ಅಷ್ಟು ದೂರ ಹೋಗಲಾಗದವರು ಬೇಸರಪಡಬೇಕಾಗಿಲ್ಲ. ಬೆಂಗಳೂರಿನ ಅರಮನೆ ಮೈದಾನಕ್ಕೂ ತನ್ನದೇ ಚರಿತ್ರೆ ಇದೆ. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ‘ಐರನ್ ಮೇಡನ್’ ತಂಡ ಇಲ್ಲಿ ಹಾಡುವ ಮುನ್ನ ದೆಹಲಿಯ ‘ಪರಿಕ್ರಮ’ ತಂಡ ಹಾಡಿತು. ದೆಹಲಿಯ ಗೆಳೆಯರು 1991ರಲ್ಲಿ ಕಟ್ಟಿದ ತಂಡ ಅದು. 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ಬಂದಾಗ ಅವರಿಗಿಂತ ಮೊದಲು ವೇದಿಕೆ ಏರಿದವರಲ್ಲಿ ಬೆಂಗಳೂರಿನದೇ ‘ಇನ್ನರ್ ಸ್ಯಾಂಕ್ಟಮ್’ ತಂಡವಿತ್ತು. ತಾವು ಕೇಳಿ ಬೆಳೆದ ಸಂಗೀತಗಾರರ ಡ್ರಮ್ಸಿನ ಮುಂದೆ ನಿಂತು ತಮ್ಮ ಹಾಡು ಹಾಡುವುದು ಆ ಹುಡುಗರಿಗೆ ಎಂಥ ಕ್ಷಣವಾಗಿದ್ದೀತು!

ಮೂರು ಜಾಗ ನೋಡಿ ಬಂದವರಿಗೆ ಒಂದು ಹೋಲಿಕೆ ಹೊಳೆಯದಿರದು. ಕರೆಯದ, ಕಾಯದ, ಹೆಸರೂ ತಿಳಿಯದ ಸಭೆಯ ಮುಂದೆ ಮೊದಲು ನಿಲ್ಲಬೇಕಾಗಿ ಬಂದಾಗ ಮೂವರು ಮೂರು ದಾರಿ ಹಿಡಿದರು. ಈ ಸಭೆ ತನ್ನದಲ್ಲವೆಂದು ಕಂಡಾಗ ಹೆಂಡ್ರಿಕ್ಸ್ ಹಟ ಹಿಡಿಯದೆ ಹೊರಟರು. ಆದರೆ ನುಡಿಸುವ ರೀತಿಯನ್ನು ಬದಲಿಸಿಕೊಳ್ಳಲಿಲ್ಲ. ತಂದ ಹಾಡುಗಳು ಮುಗಿದಾಗ ಹೇವನ್ಸ್ ಒಂದೇ ಪದವನ್ನು ಹಿಡಿದು ನಿಂತರು. ರವಿಶಂಕರರು ತಪ್ಪಾಗಿ ಬಿದ್ದ ಚಪ್ಪಾಳೆಯನ್ನೂ ಮುನಿಸಿಲ್ಲದೆ ಸ್ವೀಕರಿಸಿ, ಅಲ್ಲಿಂದಲೇ ಸಭೆಗೆ ಕೇಳುವುದನ್ನು ಕಲಿಸಿದರು. ಇವುಗಳಲ್ಲಿ ಯಾವುದು ಸರಿ ಎಂಬುದಕ್ಕೆ ಸೂತ್ರವಿಲ್ಲ. ಸಭೆ ಯಾವುದು, ಕೈಯಲ್ಲಿ ಏನಿದೆ ಎಂಬುದರ ಮೇಲೆ ಅದು ನಿಂತಿದೆ.

ಮನೆಯ ಮಹಡಿಯ ಕೋಣೆಯಲ್ಲಿ ಗಿಟಾರು ಬಾರಿಸುವ ಮಗನ ಬಗ್ಗೆ, ಕಾಲೇಜು ವಾರ್ಷಿಕೋತ್ಸವದಲ್ಲಿ ಹಾಡಲು ಹೆಸರು ಕೊಟ್ಟ ಮಗಳ ಬಗ್ಗೆ ಆತಂಕಪಡುವ ಹಿರಿಯರು ಒಂದು ಕೆಲಸ ಮಾಡಬಹುದು. ಅವರ ಸರದಿ ಸಂಜೆ ಆರಕ್ಕೇ ಬಂದರೂ, ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲೇ ಇದ್ದರೂ, ಮುಂದಿನ ಸಾಲಿನಲ್ಲಿ ಹೋಗಿ ಕುಳಿತುಕೊಳ್ಳುವುದು. ಖಾಲಿ ಕುರ್ಚಿಗಳ ನಡುವೆ ಕುಳಿತ ಎರಡು ಗುರುತಿನ ಮುಖಗಳು ಸಾಕು, ಮೊದಲ ಹಾಡು ತಾನಾಗಿ ಶ್ರುತಿಗೆ ಬರುತ್ತದೆ.